ನಮ್ಮೂರ ಪೈಪಿಗೆ ಯಾವೂರವರ ಸಹಿ?

ರಾಯಚೂರು ಜಿಲ್ಲೆಯ ಒಂದು ಊರು. ಹೊರದೇಶದ ದುಡ್ಡಿನಲ್ಲಿ ನಡೆಯುತ್ತಿದ್ದ ಒಂದು ಸಂಸ್ಥೆಯಲ್ಲಿ ನಾನು ಆಗ ವರದಿ ಬರೆಯುವ ಕೆಲಸದಲ್ಲಿದ್ದೆ. ಫೀಲ್ಡ್‌ನವರು ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ದೆಹಲಿಗೆ ಕಳಿಸುತ್ತಿದ್ದೆ. ಅಲ್ಲಿಂದ ಅದು ಯುರೋಪಿಗೆ ಹೋಗುತ್ತಿತ್ತು. ಆ ವರ್ಷ ಆ ಊರಿಗೆ ಶೌಚಾಲಯದ ಬಾಬ್ತಿನಲ್ಲಿ ಹಣ ಬಂದಿತ್ತು. ಹೆಂಗಸರು ಕೇಳಿದ್ದು ಬೇರೆ. ಟ್ಯಾಂಕಿನಿಂದ ಬರುವ ಪೈಪು ಒಡೆದು ಮೂರು ತಿಂಗಳಾಗಿತ್ತು. ನೀರೇ ಇಲ್ಲದ ಮೇಲೆ ಶೌಚಾಲಯ ಕಟ್ಟಿ ಏನು ಮಾಡೋದು?

ರಿಪೇರಿಗೆ ಬೇಕಾಗಿದ್ದು 18 ಸಾವಿರ ರೂಪಾಯಿ. ನಮ್ಮ ತಾಲ್ಲೂಕು ಸಂಯೋಜಕಿ ಅದೇ ಸೀಮೆಯವರು. ಹನ್ನೊಂದು ವರ್ಷದಿಂದ ಅಲ್ಲೇ ಓಡಾಡಿದವರು. ಅವರು ತಮ್ಮ ಸಹಿಯ ಮೇಲೆ ಖರ್ಚು ಮಾಡಬಹುದಾಗಿದ್ದು 5 ಸಾವಿರ ಮಾತ್ರ. ಅದಕ್ಕಿಂತ ಜಾಸ್ತಿ ಆದರೆ ದೆಹಲಿಯನ್ನು ಕೇಳಬೇಕು. ಒಂದು ಬಾಬ್ತಿನ ಹಣವನ್ನು ಇನ್ನೊಂದಕ್ಕೆ ಹಾಕಬೇಕಾದರೆ ಯುರೋಪನ್ನು ಕೇಳಬೇಕು. ಪತ್ರ ಬರೆದವಳು ನಾನೇ. ವಾರಗಟ್ಟಲೆ ಉತ್ತರ ಇಲ್ಲ. ಮುಂದಿನ ಸಭೆಯಲ್ಲಿ ಒಬ್ಬ ಅಜ್ಜಿ ಸಂಯೋಜಕಿಯನ್ನು ಕೇಳಿಯೇಬಿಟ್ಟರು: "ಅಲ್ರೀ ಅಕ್ಕಾರ, ನಮ್ಮೂರ ಪೈಪಿಗೆ ಯಾವೂರವ್ರ ಸಹಿ ಬೇಕ್ರೀ?"

ನಮ್ಮ ಆ ಸಂಸ್ಥೆಯಲ್ಲಿ ಡ್ರೈವರ್‌ನಿಂದ ಹಿಡಿದು ದೇಶದ ನಿರ್ದೇಶಕರವರೆಗೆ ಎಲ್ಲರೂ ಭಾರತೀಯರೇ. "ನಮ್ಮ ನಾಯಕತ್ವ ಪೂರ್ತಿ ಸ್ಥಳೀಯ" ಅಂತ ವಾರ್ಷಿಕ ವರದಿಯಲ್ಲಿ ನಾನೇ ಬರೆದಿದ್ದೆ. ಅಜ್ಜಿಯ ಪ್ರಶ್ನೆ ಕೇಳಿದ ಮೇಲೆ ಆ ವಾಕ್ಯ ನನ್ನನ್ನು ಚುಚ್ಚುತ್ತಲೇ ಇದೆ.

ಈಗ ಜಗತ್ತಿನ ದೊಡ್ಡ ನೆರವು ಸಂಸ್ಥೆಗಳಲ್ಲೆಲ್ಲ ಇದೇ ಮಾತು. ಲಂಡನ್, ಜಿನೀವಾ, ವಾಷಿಂಗ್ಟನ್‌ನಲ್ಲಿ ಕೂತು ಆಫ್ರಿಕಾ, ಏಷ್ಯಾದ ಕೆಲಸ ನಡೆಸಿದ್ದು ಸಾಕು, ಚುಕ್ಕಾಣಿಯನ್ನು ಅಲ್ಲಿಯವರ ಕೈಗೇ ಕೊಡೋಣ ಅಂತ. ಇದನ್ನು ಅವರು 'ಲೋಕಲೈಸೇಷನ್' ಅನ್ನುತ್ತಾರೆ. ಬೇಡ ಅನ್ನುವವರು ಯಾರೂ ಇಲ್ಲ. ಎಲ್ಲರೂ ಒಪ್ಪಿದ ಮಾತು ಹತ್ತು ವರ್ಷ ಕಳೆದರೂ ಯಾಕೆ ನಡೆಯಲಿಲ್ಲ ಅನ್ನೋದೇ ನೋಡಬೇಕಾದ ವಿಷಯ.

2016ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ವಿಶ್ವ ಮಾನವೀಯ ಶೃಂಗಸಭೆ ನಡೆಯಿತು. ಹಣ ಕೊಡುವ ದೇಶಗಳು, ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ದೊಡ್ಡ ಎನ್‌ಜಿಒಗಳು ಕೂತು 'ಗ್ರ್ಯಾಂಡ್ ಬಾರ್ಗೇನ್' ಎಂಬ ಒಪ್ಪಂದ ಮಾಡಿಕೊಂಡವು. ಯುದ್ಧ, ಪ್ರವಾಹ, ಭೂಕಂಪದಂಥ ಹೊತ್ತಿನಲ್ಲಿ ಖರ್ಚಾಗುವ ನೆರವಿನ ಹಣದಲ್ಲಿ ಶೇ 25ರಷ್ಟನ್ನು 2020ರೊಳಗೆ ಆಯಾ ದೇಶದ, ಆಯಾ ಊರಿನ ಸಂಸ್ಥೆಗಳಿಗೆ ಆದಷ್ಟು ನೇರವಾಗಿ ಕೊಡಬೇಕು ಅನ್ನೋದು ಅದರ ಒಂದು ಮಾತು. 2022ರಲ್ಲಿ ನೇರವಾಗಿ ಹೋದದ್ದು ಶೇ 1.2. ಅಂದರೆ ನೂರು ರೂಪಾಯಿಯಲ್ಲಿ ಒಂದು ರೂಪಾಯಿ ಇಪ್ಪತ್ತು ಪೈಸೆ. ಮಧ್ಯದಲ್ಲಿ ಇನ್ನೊಬ್ಬರ ಕೈ ದಾಟಿ ಹೋದದ್ದನ್ನು ಸೇರಿಸಿದರೆ ಲೆಕ್ಕ ಸ್ವಲ್ಪ ಏರುತ್ತದೆ, ನಿಜ. ಆದರೆ ಆ ಮಧ್ಯದ ಕೈಯೇ ಇಲ್ಲಿ ಪ್ರಶ್ನೆ.

ಅಮೆರಿಕದ್ದೂ ಇದೇ ಕತೆ. ಅಲ್ಲಿನ ಸರ್ಕಾರದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್‌ನ ಮುಖ್ಯಸ್ಥೆಯಾಗಿದ್ದ ಸಮಂತಾ ಪವರ್ 2021ರ ನವೆಂಬರ್‌ನಲ್ಲಿ, ನಾಲ್ಕು ವರ್ಷದೊಳಗೆ ನಮ್ಮ ಹಣದ ಕಾಲು ಭಾಗ ಸ್ಥಳೀಯ ಸಂಸ್ಥೆಗಳಿಗೆ ಹೋಗುತ್ತದೆ ಅಂತ ಘೋಷಿಸಿದರು. 2023ರ ಹಣಕಾಸು ವರ್ಷದಲ್ಲಿ ಅದು ಶೇ 10ರ ಆಸುಪಾಸಿನಲ್ಲೇ ನಿಂತಿತ್ತು. ನಾಲ್ಕು ವರ್ಷ ತುಂಬುವ ಮೊದಲೇ, 2025ರ ಜುಲೈ 1ಕ್ಕೆ, ಯುಎಸ್‌ಏಡ್ ಬಾಗಿಲೇ ಮುಚ್ಚಿತು.

ಮನಸ್ಸಿಲ್ಲದೆ ಹೀಗಾಯಿತು ಅಂತ ನಾನು ಹೇಳುವುದಿಲ್ಲ. ಇದರಲ್ಲಿ ದುಡಿದ ಎಷ್ಟೋ ಜನ ಒಳ್ಳೆಯವರು. ತೊಡಕು ಇರುವುದು ಕೆಲಸದ ಕಟ್ಟಿನಲ್ಲಿ.

ಹಣ ಕೊಡುವ ಕಚೇರಿಯಲ್ಲಿ ಒಬ್ಬ ಅಧಿಕಾರಿ ಇದ್ದಾರೆ ಅನ್ನಿ. ವರ್ಷಕ್ಕೆ 50 ಕೋಟಿ ಹಂಚಬೇಕು. ಒಂದೇ ದೊಡ್ಡ ಸಂಸ್ಥೆಗೆ ಕೊಟ್ಟರೆ ಒಂದು ಒಪ್ಪಂದ, ಒಂದು ಆಡಿಟ್, ಒಂದು ವರದಿ. ತಲಾ 50 ಲಕ್ಷದಂತೆ ನೂರು ಸಣ್ಣ ಸಂಸ್ಥೆಗಳಿಗೆ ಕೊಟ್ಟರೆ ಎಲ್ಲವೂ ನೂರು ನೂರು. ಅದರಲ್ಲಿ ಒಂದು ಕಡೆ ಲೆಕ್ಕ ತಪ್ಪಿದರೂ ತಲೆದಂಡ ಆ ಅಧಿಕಾರಿಯದ್ದೇ. ಅವರ ಜಾಗದಲ್ಲಿದ್ದರೆ ನಾನಾದರೂ ಏನು ಮಾಡುತ್ತಿದ್ದೆ? ಹೀಗಾಗಿ ಹಣ ಮೊದಲು ದೊಡ್ಡವರ ಕೈಗೆ ಹೋಗುತ್ತದೆ, ಅವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟಿದ ಹಾಗೆ, ಕೊನೆಗೆ ಊರಿನ ಸಂಸ್ಥೆಗೆ ಮುಟ್ಟುತ್ತದೆ.

ಈ ದಾರಿಯಲ್ಲಿ ಇನ್ನೊಂದು ವಿಷಯ ಆಗುತ್ತದೆ. ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಮೇಲಿನ ಸಂಸ್ಥೆಗೆ ಕಾರ್ಯಕ್ರಮದ ಹಣದ ಜೊತೆಗೆ ಕಚೇರಿ ಬಾಡಿಗೆ, ಅಕೌಂಟೆಂಟ್ ಸಂಬಳ, ಕಂಪ್ಯೂಟರ್ ಅಂತ ಆಡಳಿತ ವೆಚ್ಚ ಸಿಗುತ್ತದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಸಾಮಾನ್ಯವಾಗಿ ಶೇ 7ರ ಆಸುಪಾಸು ಇಟ್ಟುಕೊಳ್ಳುತ್ತವೆ. ಕೆಳಗಿನ ಸಂಸ್ಥೆಗೆ ಬಂದಾಗ ಬಹಳ ಸಲ ಕಾರ್ಯಕ್ರಮದ ಹಣ ಮಾತ್ರ ಬರುತ್ತದೆ. ಪ್ರಾಜೆಕ್ಟ್ ಮುಗಿದ ದಿನವೇ ಅಕೌಂಟೆಂಟ್ ಬೀದಿಗೆ. ಮುಂದಿನ ಪ್ರಾಜೆಕ್ಟ್‌ಗೆ ಅರ್ಜಿ ಹಾಕಿದಾಗ "ನಿಮ್ಮಲ್ಲಿ ಹಣಕಾಸು ವ್ಯವಸ್ಥೆ ದುರ್ಬಲ" ಅಂತ ಷರಾ. ಅಷ್ಟರಲ್ಲಿ ಆ ಅಕೌಂಟೆಂಟ್‌ಗೆ ಮೇಲಿನ ಸಂಸ್ಥೆಯೇ ಎರಡರಷ್ಟು ಸಂಬಳ ಕೊಟ್ಟು ಕರೆದುಕೊಂಡಿರುತ್ತದೆ. ದೊಡ್ಡ ದುರಂತವಾದ ಕಡೆಯೆಲ್ಲ ಇದು ನಡೆಯುತ್ತದೆ. ಊರಿನ ಸಂಸ್ಥೆ ಹತ್ತು ವರ್ಷ ತಿದ್ದಿ ತಯಾರು ಮಾಡಿದ ಹುಡುಗ, ಹುಡುಗಿಯರು ಒಂದೇ ತಿಂಗಳಲ್ಲಿ ಖಾಲಿ.

ಭಾಷೆಯ ಮಾತು ಬೇರೆಯೇ ಇದೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪ ಆಯಿತು. ಅಲ್ಲಿನ ಜನ ಆಡುವುದು ಕ್ರಿಯೋಲ್, ಓದಿದವರು ಫ್ರೆಂಚ್. ಪರಿಹಾರ ಕೆಲಸದ ಸಮನ್ವಯ ಸಭೆಗಳಲ್ಲಿ ಎಷ್ಟೋ ನಡೆದದ್ದು ವಿಶ್ವಸಂಸ್ಥೆಯ ನೆಲೆಯೊಳಗೆ, ಇಂಗ್ಲಿಷಿನಲ್ಲಿ. ಗೇಟಿನಲ್ಲಿ ಪಾಸ್ ಇಲ್ಲದವರಿಗೆ ಪ್ರವೇಶ ಇಲ್ಲ. ತಮ್ಮ ಊರು ಬಿದ್ದುಹೋಗಿದೆ, ಅದನ್ನು ಎತ್ತುವ ಬಗ್ಗೆ ಮಾತು ನಡೆಯುತ್ತಿದೆ, ಹೈಟಿಯ ಸಂಸ್ಥೆಯವರು ಗೇಟಿನ ಹೊರಗೆ. ಆ ದುರಂತದ ತುರ್ತು ಪರಿಹಾರದ ಹಣದಲ್ಲಿ ಹೈಟಿಯ ಸಂಸ್ಥೆಗಳ ಕೈಗೆ ನೇರವಾಗಿ ಸಿಕ್ಕಿದ್ದು ಶೇ 1ಕ್ಕಿಂತ ಕಡಿಮೆ.

ಇದಕ್ಕೆಲ್ಲ ಯಾವಾಗಲೂ ಕೊಡುವ ಕಾರಣ ಒಂದೇ: "ಸ್ಥಳೀಯರಿಗೆ ಇನ್ನೂ ಸಾಮರ್ಥ್ಯ ಬಂದಿಲ್ಲ." ಆಮೇಲೆ ಮೂರು ದಿನದ ಟ್ರೈನಿಂಗ್, ಒಂದು ಫೈಲು, ಒಂದು ಪೆನ್ನು, ಗುಂಪು ಫೋಟೋ. ಅಂಥ ಎಷ್ಟೋ ಟ್ರೈನಿಂಗ್‌ಗಳ ವರದಿ ನಾನು ಬರೆದಿದ್ದೇನೆ. ಈ ಮಾತಿಗೆ ಉತ್ತರ ಬೇಕಾದರೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ರಾಜ್ಯದಲ್ಲೇ ಇದೆ.

ಮೈರಾಡ ಗೊತ್ತಲ್ವಾ? 1968ರಲ್ಲಿ ಟಿಬೆಟ್‌ನಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ಹುಟ್ಟಿದ ಸಂಸ್ಥೆ. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಅನ್ನೋದು ಅದರ ಪೂರ್ತಿ ಹೆಸರಿನ ಅರ್ಥ. ಆಮೇಲೆ ಹಳ್ಳಿಗಳ ಬಡವರ ನಡುವೆ ಕೆಲಸ ಶುರು ಮಾಡಿತು. 1984-85ರ ಹೊತ್ತಿಗೆ ಅದು ಕಟ್ಟಿದ್ದ ಕೆಲವು ಸಹಕಾರ ಸಂಘಗಳು ಮುರಿದುಬಿದ್ದವು. ಸದಸ್ಯರು ಬಂದು, ಸಾಲವನ್ನು ನಿಮಗೆ ಬೇಕಾದರೆ ತೀರಿಸುತ್ತೇವೆ, ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಅಂದರು. ದೊಡ್ಡವರ ಹಿಡಿತದಲ್ಲಿದ್ದ ಸಂಘದ ಮೇಲೆ ಅವರಿಗೆ ನಂಬಿಕೆ ಹೋಗಿತ್ತು. ಮೈರಾಡ ಹಣವನ್ನು ವಾಪಸ್ ತೆಗೆದುಕೊಳ್ಳಬಹುದಿತ್ತು. ಅದು, ನಿಮ್ಮ ನಿಮ್ಮ ಸಣ್ಣ ಗುಂಪುಗಳಿಗೇ ಕಟ್ಟಿಕೊಳ್ಳಿ ಅಂದಿತು.

ನಾಯಕತ್ವ ಕೈ ಬದಲಾಗುವ ಗಳಿಗೆ ಅಂದರೆ ಇದು. ಹಣ ಯಾರಿಗೆ ಕೊಡಬೇಕು, ಎಷ್ಟು ಬಡ್ಡಿ, ತಪ್ಪಿದವರಿಗೆ ಏನು ದಂಡ, ಎಲ್ಲ ಗುಂಪಿನ ತೀರ್ಮಾನ. ಕೆಲವು ಗುಂಪುಗಳು ಎಡವಿದವು, ಕಲಿತವು. 1987ರಲ್ಲಿ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟು ಇದನ್ನು ಬೆಳೆಸಲು ನೆರವಾಯಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಇವತ್ತು ದೇಶದ ತುಂಬ ಇರುವ ಸ್ವಸಹಾಯ ಸಂಘಗಳ ಬೇರಿನಲ್ಲಿ ಇದೂ ಒಂದು. ಅಕ್ಷರ ಬಾರದ ಹೆಂಗಸರು ಲೆಕ್ಕ ಇಡಬಲ್ಲರು ಅಂತ ಯಾರೂ ಮೊದಲು ಪರೀಕ್ಷೆ ಮಾಡಿ ಹಣ ಕೊಡಲಿಲ್ಲ. ಹಣ ಕೈಗೆ ಬಂತು, ಲೆಕ್ಕ ಬಂತು.

ಇನ್ನೊಂದು ಉದಾಹರಣೆ ಮೈಸೂರಿನದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2003ರಲ್ಲಿ ಗೇಟ್ಸ್ ಫೌಂಡೇಷನ್ ಭಾರತದ ಆರು ರಾಜ್ಯಗಳಲ್ಲಿ 'ಆವಾಹನ್' ಎಂಬ ಎಚ್‌ಐವಿ ತಡೆ ಕಾರ್ಯಕ್ರಮ ಶುರು ಮಾಡಿತು. ಕರ್ನಾಟಕದಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಇದರಲ್ಲಿ ಕೈಜೋಡಿಸಿತ್ತು. 2004ರಲ್ಲಿ ಮೈಸೂರಿನ ಲೈಂಗಿಕ ಕಾರ್ಯಕರ್ತೆಯರ ನಡುವೆ ಸಮೀಕ್ಷೆ ಮಾಡಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸೋಂಕು ಇತ್ತು. ದೂರದಿಂದ ಬಂದ ತಜ್ಞರಿಗೆ ಚಿಂತೆ ಕಾಂಡೋಮ್‌ನದು, ಪರೀಕ್ಷೆಯದು. ಆ ಹೆಂಗಸರ ಮೊದಲ ಚಿಂತೆ ಬೇರೆ: ಪೊಲೀಸರ ಲಾಠಿ, ರೌಡಿಗಳ ಕಾಟ. ರಾತ್ರಿ ಹೊಡೆತ ತಿಂದು ಬಂದವಳಿಗೆ ಹತ್ತು ವರ್ಷದ ಮೇಲೆ ಬರಬಹುದಾದ ಕಾಯಿಲೆಯ ಭಯ ಎಲ್ಲಿ ಬರಬೇಕು? ಹಾಗಾಗಿ ಹಿಂಸೆ ತಡೆಯುವುದು, ಪೊಲೀಸರ ಜೊತೆ ಮಾತಾಡುವುದು ಕಾರ್ಯಕ್ರಮದ ಒಳಗೆ ಬಂತು. 2005ರ ಕೊನೆಯ ಹೊತ್ತಿಗೆ ಅವರದ್ದೇ ಸಂಘ ಎದ್ದಿತು, ಆಶೋದಯ ಸಮಿತಿ. ಆಮೇಲೆ ಬೇರೆ ಊರು, ಬೇರೆ ದೇಶಗಳ ಕಾರ್ಯಕರ್ತೆಯರು ಮೈಸೂರಿಗೆ ಬಂದು ಅವರಿಂದ ಕಲಿತು ಹೋದರು.

ಆವಾಹನ್‌ನಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಸಣ್ಣ ವಸ್ತು. ಪೀರ್ ಅಂತ ಕರೆಯುತ್ತಿದ್ದ ಸಮುದಾಯದ ಹೆಂಗಸರೇ ಮನೆ ಮನೆ, ಬೀದಿ ಬೀದಿ ಹೋಗಿ ತಮ್ಮಂಥವರನ್ನು ಭೇಟಿ ಮಾಡಬೇಕಿತ್ತು. ಯಾರನ್ನು ಯಾವಾಗ ಕಂಡೆ, ಯಾರು ಕ್ಲಿನಿಕ್ಕಿಗೆ ಹೋದರು ಅಂತ ದಾಖಲೆ ಇಡಬೇಕಿತ್ತು. ಬಹಳ ಜನಕ್ಕೆ ಓದು ಬರಹ ಇಲ್ಲ. ಓದು ಬಂದ ಇನ್ನೊಬ್ಬರನ್ನು ಅವರ ತಲೆಯ ಮೇಲೆ ಕೂರಿಸಬಹುದಿತ್ತು, ಬೇರೆ ಕಡೆ ಹಾಗೇ ಮಾಡುವುದು. ಇಲ್ಲಿ ಫಾರಂ ಅನ್ನೇ ಬದಲಿಸಿದರು. ಅಕ್ಷರದ ಬದಲು ಚಿತ್ರಗಳು, ಗುರುತುಗಳು. ಅದನ್ನು ನೋಡಿ ಈ ವಾರ ಯಾರ ಹತ್ತಿರ ಮೊದಲು ಹೋಗಬೇಕು ಅನ್ನೋದನ್ನು ಪೀರ್ ತಾನೇ ತೀರ್ಮಾನ ಮಾಡುತ್ತಿದ್ದಳು. ವರದಿ ಮೇಲಿನವರಿಗೆ ಕಳಿಸುವ ಕಾಗದ ಆಗಿದ್ದದ್ದು ಅವಳ ಕೈಯ ಸಾಧನ ಆಯಿತು. ನಾನು ವರ್ಷಗಟ್ಟಲೆ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿದೆನಲ್ಲ, ಆ ಇಂಗ್ಲಿಷ್ ವರದಿ ಒಂದು ಸಲವೂ ಆ ಊರಿಗೆ ವಾಪಸ್ ಬಂದದ್ದು ನಾನು ನೋಡಿಲ್ಲ.

ಆವಾಹನ್ ಹೊರಟ ರೀತಿಯೂ ಗಮನಿಸುವಂಥದ್ದು. ಹಣ ನಿಲ್ಲುವ ದಿನ ಬಂದಾಗ ಬೀಗ ಹಾಕಿ ಹೋಗಲಿಲ್ಲ. 2009ರಿಂದ ಶುರುಮಾಡಿ ಮೂರು ಸುತ್ತಿನಲ್ಲಿ, ನಾಲ್ಕೈದು ವರ್ಷ ತೆಗೆದುಕೊಂಡು, ಕೆಲಸವನ್ನು ಸರ್ಕಾರದ ಏಡ್ಸ್ ನಿಯಂತ್ರಣ ವ್ಯವಸ್ಥೆಗೆ ದಾಟಿಸಿದರು. ಸರ್ಕಾರದ ದರಗಳಿಗೆ ತಕ್ಕಂತೆ ಖರ್ಚನ್ನು ಮೊದಲೇ ಇಳಿಸಿಕೊಂಡರು. ಆದರೂ ನೋವು ತಪ್ಪಲಿಲ್ಲ. ಸಂಬಳ ಇಳಿಯಿತು, ಸರ್ಕಾರದ ಹಣ ತಡವಾಯಿತು. ಇಷ್ಟು ತಯಾರಿ ಮಾಡಿದ ಕಡೆಯೇ ಹೀಗಾದರೆ, ರಾತ್ರೋರಾತ್ರಿ ಕೈಬಿಟ್ಟ ಕಡೆಗಳ ಗತಿ ಏನಾಗಬಹುದು ಯೋಚಿಸಿ.

ಮೈಸೂರಿನ ಕತೆ ಇನ್ನೊಂದು ಕಷ್ಟದ ಪ್ರಶ್ನೆಯನ್ನೂ ಎತ್ತುತ್ತದೆ. ಸ್ಥಳೀಯರು ಅಂದರೆ ಯಾರು? ಆ ಹೆಂಗಸರನ್ನು ಹೊಡೆದ ರೌಡಿಯೂ ಸ್ಥಳೀಯನೇ. ನಮ್ಮ ಹಳ್ಳಿಗಳಲ್ಲಿ "ಊರಿನ ಸಮಿತಿಗೆ ಹಣ ಕೊಡಿ" ಅಂದರೆ ಸಮಿತಿಯಲ್ಲಿ ಯಾರು ಕೂರುತ್ತಾರೆ, ಕೇರಿಯವರು ಎಲ್ಲಿ ನಿಲ್ಲುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತು. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ 2017ರ ಆಗಸ್ಟ್‌ನಿಂದ ಮ್ಯಾನ್ಮಾರ್‌ನಿಂದ 7 ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾ ಜನ ಓಡಿಬಂದರು. ಹೊರದೇಶದ ಸಂಸ್ಥೆಗಳು ಬಂದು ತುಂಬಿಕೊಂಡಾಗ ಅಲ್ಲಿನ ಸಂಸ್ಥೆಗಳು ಒಟ್ಟಾಗಿ, ನಮ್ಮ ಜಿಲ್ಲೆಯ ಕೆಲಸ ನಮಗೆ ಕೊಡಿ ಅಂತ ಹೋರಾಡಿದವು. ಅದು ನ್ಯಾಯವಾದ ಮಾತು. ಆದರೆ ಢಾಕಾದ ಸಂಸ್ಥೆಯ ಎದುರು ಕಾಕ್ಸ್ ಬಜಾರ್‌ನದು ಸ್ಥಳೀಯ, ಅದರ ಎದುರು ಶಿಬಿರದೊಳಗಿನ ರೊಹಿಂಗ್ಯಾ ಇನ್ನೂ ಸ್ಥಳೀಯ. ಅವರ ದನಿ ಮಾತ್ರ ಎಲ್ಲದಕ್ಕೂ ಕೆಳಗೆ. ಇಂಗ್ಲಿಷ್ ಬಲ್ಲ, ರಾಜಧಾನಿಯಲ್ಲಿ ಓದಿದ, ಮೇಲ್ಜಾತಿಯ ನಿರ್ದೇಶಕರು ಬಂದ ಮಾತ್ರಕ್ಕೆ ಅಧಿಕಾರ ಕೆಳಗೆ ಇಳಿಯುವುದಿಲ್ಲ ಅನ್ನೋದು ಭಾರತದಲ್ಲಿ ನಮಗೆ ಬಹಳ ಹಿಂದೆಯೇ ತಿಳಿದ ಪಾಠ.

ಕಚೇರಿಯನ್ನೇ ಎತ್ತಿ ಒಯ್ದವರೂ ಇದ್ದಾರೆ. ಬೆಂಗಳೂರಲ್ಲಿ ಬೆಳೆದ ಸಲಿಲ್ ಶೆಟ್ಟಿ ಮುಖ್ಯಸ್ಥರಾಗಿದ್ದ ಕಾಲದಲ್ಲಿ ನೆರವು ಸಂಸ್ಥೆ ಆ್ಯಕ್ಷನ್‌ಏಡ್ ತನ್ನ ಅಂತರರಾಷ್ಟ್ರೀಯ ಕಚೇರಿಯನ್ನು ಲಂಡನ್‌ನಿಂದ ಜೊಹಾನ್ಸ್‌ಬರ್ಗ್‌ಗೆ ಸಾಗಿಸುವ ತೀರ್ಮಾನ ಮಾಡಿತು. 2000ದ ದಶಕದ ಮೊದಲ ವರ್ಷಗಳ ಮಾತು ಅದು. ಆ ಹೊತ್ತಿಗೆ ದೊಡ್ಡ ಧೈರ್ಯವೇ. ಬೇರೆ ಬೇರೆ ದೇಶಗಳ ಶಾಖೆಗಳು ತಮ್ಮದೇ ಆಡಳಿತ ಮಂಡಳಿ ಮಾಡಿಕೊಂಡು, ಅಂತರರಾಷ್ಟ್ರೀಯ ಸಭೆಯಲ್ಲಿ ಮತ ಹಾಕುವಂತಾದವು. ಆಕ್ಸ್‌ಫಾಮ್ ಇಂಟರ್‌ನ್ಯಾಷನಲ್ ಕೂಡ ಆಮೇಲೆ ಆಕ್ಸ್‌ಫರ್ಡ್‌ನಿಂದ ನೈರೋಬಿಗೆ ಹೋಯಿತು. ಹಣ ಮಾತ್ರ ಬಹುಪಾಲು ಹಳೆಯ ದೇಶಗಳಲ್ಲೇ ಹುಟ್ಟುತ್ತಿತ್ತು, ಅದರ ಷರತ್ತುಗಳೂ ಅಲ್ಲೇ ಹುಟ್ಟುತ್ತಿದ್ದವು.

ಬಾಂಗ್ಲಾದೇಶದ ಬ್ರ್ಯಾಕ್ ಬೇರೆ ದಾರಿ ಹಿಡಿಯಿತು. 1972ರಲ್ಲಿ ಫಜ್ಲೆ ಹಸನ್ ಆಬೇದ್ ಕಟ್ಟಿದ ಸಂಸ್ಥೆ ಅದು, ಈಗ ಜಗತ್ತಿನ ಅತಿ ದೊಡ್ಡ ಎನ್‌ಜಿಒಗಳಲ್ಲಿ ಒಂದು. ಹೊರಗಿನ ನೆರವು ತೆಗೆದುಕೊಂಡಿತು, ಜೊತೆಗೆ 'ಆರೊಂಗ್' ಎಂಬ ಕೈಮಗ್ಗ, ಕರಕುಶಲ ವಸ್ತುಗಳ ಅಂಗಡಿಗಳನ್ನು, ಕಿರುಸಾಲವನ್ನು ಬೆಳೆಸಿ ಸ್ವಂತ ಆದಾಯ ಮಾಡಿಕೊಂಡಿತು. ಹಣ ಕೊಡುವವರನ್ನೆಲ್ಲ ಒಂದು ಒಕ್ಕೂಟವಾಗಿ ಕೂರಿಸಿ, ನಮ್ಮ ಕಾರ್ಯಕ್ರಮ ಇದು, ಎಲ್ಲರೂ ಸೇರಿ ಇದಕ್ಕೇ ಕೊಡಿ ಅಂತ ಹೇಳುವ ಮಟ್ಟಕ್ಕೆ ಬಂತು. ಸ್ವಂತ ಗಂಟು ಇದ್ದವರಿಗೆ ಬೇಡ ಅನ್ನುವ ಶಕ್ತಿ ಇರುತ್ತದೆ. ಬೇಡ ಅನ್ನಲಾರದ ನಾಯಕರನ್ನು ನಾಯಕರು ಅನ್ನುವುದು ಕಷ್ಟ.

ಭಾರತದಲ್ಲಿ ಸರ್ಕಾರದ ಕಾನೂನು ಇನ್ನೊಂದು ಗಂಟು ಹಾಕಿದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. ಹೊರದೇಶದ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಎಲ್ಲರೂ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಮುಖ್ಯ ಶಾಖೆಯಲ್ಲಿ ಖಾತೆ ತೆರೆಯಬೇಕು. ಹೊರದೇಶದ ಹಣದ ಮೇಲೆ ಕಣ್ಣಿಡಲು ಇದು ಬೇಕು ಅನ್ನೋದು ಸರ್ಕಾರದ ವಾದ. ಆದರೆ ಯಾದಗಿರಿಯ, ಕೊಪ್ಪಳದ ಸಣ್ಣ ಸಂಸ್ಥೆ ದೊಡ್ಡ ಸಂಸ್ಥೆಯ ಮೂಲಕ ಒಂದಿಷ್ಟು ಹಣ ಪಡೆದು ತನ್ನ ತೀರ್ಮಾನದಂತೆ ಕೆಲಸ ಮಾಡುವ ದಾರಿ ಮುಚ್ಚಿಹೋಯಿತು. ದೊಡ್ಡ ಸಂಸ್ಥೆ ಈಗ ತಾನೇ ಸಿಬ್ಬಂದಿ ಇಟ್ಟು ಕೆಲಸ ಮಾಡಬೇಕು. ಜಗತ್ತು ಕೆಳಗೆ ಕೊಡಿ ಅನ್ನುವ ಹೊತ್ತಿಗೆ ನಮ್ಮಲ್ಲಿ ಮೇಲೇ ಉಳಿಯುವ ಹಾಗಾಯಿತು.

ಈಗಿನ ಅವಸರಕ್ಕೆ ಬರೋಣ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ತಡೆಹಿಡಿದ ಮೇಲೆ, ಯುರೋಪಿನ ದೇಶಗಳೂ ಕೈ ಬಿಗಿ ಮಾಡಿದ ಮೇಲೆ, ಸಂಸ್ಥೆಗಳು ದೇಶ ದೇಶಗಳಲ್ಲಿ ಕಚೇರಿ ಮುಚ್ಚುತ್ತಿವೆ. ಹೊರಡುವಾಗ "ಇನ್ನು ಮುಂದೆ ಸ್ಥಳೀಯ ನಾಯಕತ್ವ" ಅಂತ ಪತ್ರ ಬರುತ್ತಿದೆ. ಹತ್ತು ವರ್ಷ ಕೇಳಿದರೂ ಕೊಡದ ಬೀಗದ ಕೈ, ಕಣಜ ಖಾಲಿಯಾದ ದಿನ ಕೈಗೆ ಬರುತ್ತಿದೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ನಾಳೆ ಕೆಲಸ ನಿಂತರೆ, ನೋಡಿ, ಸ್ಥಳೀಯರ ಕೈಗೆ ಕೊಟ್ಟೆವು, ನಡೆಸೋಕಾಗಲಿಲ್ಲ ಅನ್ನುವ ಮಾತು ಬಂದೇ ಬರುತ್ತದೆ.

ಸುಡಾನಿನಲ್ಲಿ ಏನಾಯಿತು ನೋಡಿ. 2023ರ ಏಪ್ರಿಲ್ 15ಕ್ಕೆ ಖಾರ್ಟೂಮ್‌ನಲ್ಲಿ ಯುದ್ಧ ಶುರುವಾದಾಗ ಹೊರದೇಶದ ಸಿಬ್ಬಂದಿಯನ್ನು ವಿಮಾನ, ಹಡಗುಗಳಲ್ಲಿ ಕರೆದುಕೊಂಡು ಹೋದರು. ಉಳಿದವರು ಓಣಿಯ ಹುಡುಗ, ಹುಡುಗಿಯರು. ಅವರು 'ತುರ್ತು ಸ್ಪಂದನಾ ಕೊಠಡಿ' ಅಂತ ಗುಂಪು ಕಟ್ಟಿಕೊಂಡರು. ನಮ್ಮ ಮುಯ್ಯಾಳಿನ ಹಾಗೆ ಅವರಲ್ಲಿ 'ನಫೀರ್' ಅಂತ ಒಂದು ಪದ್ಧತಿ ಇದೆ, ಕರೆ ಬಂದರೆ ಊರೆಲ್ಲ ಕೈಹಾಕುವುದು. ಅದೇ ಬಲದಲ್ಲಿ ಸಾಮೂಹಿಕ ಅಡುಗೆಮನೆಗಳು ಎದ್ದವು. ದೊಡ್ಡ ಹಂಡೆಯಲ್ಲಿ ಬೇಳೆ, ಅವರೆ ಬೇಯುವುದು, ಪಾತ್ರೆ ಹಿಡಿದು ಮಕ್ಕಳು ಸಾಲಿನಲ್ಲಿ ನಿಲ್ಲುವುದು. ಗಲ್ಫ್‌ನಲ್ಲಿ, ಯುರೋಪಿನಲ್ಲಿ ಇರುವ ಸುಡಾನಿಗಳು 'ಬ್ಯಾಂಕಕ್' ಎಂಬ ಮೊಬೈಲ್ ಆ್ಯಪ್‌ನಲ್ಲಿ ಕಳಿಸಿದ ಹಣವೇ ಮೊದಲ ಆಸರೆ. ನಂತರ ಅಮೆರಿಕದ ಹಣ ಮಧ್ಯವರ್ತಿ ಸಂಸ್ಥೆಗಳ ಮೂಲಕ ಇವರಿಗೂ ತಲುಪತೊಡಗಿತು. 2025ರಲ್ಲಿ ಅದು ನಿಂತಾಗ 1,100ಕ್ಕೂ ಹೆಚ್ಚು ಅಡುಗೆಮನೆಗಳು ಮುಚ್ಚಿದವು, ಇದ್ದವುಗಳಲ್ಲಿ ಹತ್ತಿರ ಹತ್ತಿರ ಶೇ 80. ಅದೇ ವರ್ಷ ಈ ಗುಂಪುಗಳಿಗೆ 'ಪರ್ಯಾಯ ನೊಬೆಲ್' ಅಂತ ಕರೆಯುವ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಅಪಾಯದ ವಿಷಯದಲ್ಲಿ ಮಾತ್ರ ಸ್ಥಳೀಯರಿಗೆ ಮೊದಲಿನಿಂದಲೂ ಪೂರ್ತಿ ಪಾಲು ಸಿಕ್ಕಿದೆ. 2024ರಲ್ಲಿ ಜಗತ್ತಿನಲ್ಲಿ 383 ನೆರವು ಕಾರ್ಯಕರ್ತರು ಸತ್ತರು. ಹೆಚ್ಚಿನವರು ಆಯಾ ದೇಶದವರೇ.

ಹಾಗಾದರೆ ಯಾವುದಾದರೂ ಸಂಸ್ಥೆ "ನಾಯಕತ್ವ ಹಸ್ತಾಂತರ ಮಾಡಿದ್ದೇವೆ" ಅಂದಾಗ ನಾನು ಏನು ನೋಡುತ್ತೇನೆ? ನಿರ್ದೇಶಕರ ಫೋಟೋ ನೋಡುವುದಿಲ್ಲ. ಊರಿನ ಕಚೇರಿಯವರು ಯಾರನ್ನೂ ಕೇಳದೆ ಎಷ್ಟು ರೂಪಾಯಿಗೆ ಸಹಿ ಹಾಕಬಹುದು ಅಂತ ಕೇಳುತ್ತೇನೆ. ಬಾಬ್ತು ಬದಲಿಸಬಹುದಾ? ಆಡಳಿತ ವೆಚ್ಚ ಅವರಿಗೂ ಬರುತ್ತದಾ? ವರದಿಯನ್ನು ತಮ್ಮ ಭಾಷೆಯಲ್ಲೇ ಬರೆಯಬಹುದಾ? ಒಮ್ಮೆ ಎಡವಿದರೆ ಎರಡನೇ ಅವಕಾಶ ಇದೆಯಾ, ಯುರೋಪಿನ ಕಚೇರಿಗೆ ಇರುವ ಹಾಗೆ?

ಮೊನ್ನೆ ನಮ್ಮ ಹಳೆಯ ಸಂಯೋಜಕಿ ಫೋನ್ ಮಾಡಿದ್ದರು. ಈಗ ಅವರು ಜಿಲ್ಲೆಗೇ ಮುಖ್ಯಸ್ಥೆ. ಹಣ ಅರ್ಧಕ್ಕಿಂತ ಕಡಿಮೆ ಆಗಿದೆಯಂತೆ, ಇಬ್ಬರು ಮಾಡುತ್ತಿದ್ದ ಕೆಲಸ ಒಬ್ಬರ ಮೇಲೆ. ಸಹಿಯ ಮಿತಿ 10 ಸಾವಿರಕ್ಕೆ ಏರಿದೆ. ಮಾತು ಆ ಪೈಪಿನ ಕಡೆ ಹೊರಳಿತು. ಯುರೋಪಿನ ಒಪ್ಪಿಗೆ ನಾಲ್ಕು ತಿಂಗಳಾದ ಮೇಲೆ ಬಂದಿತ್ತು. ಅಷ್ಟರಲ್ಲಿ ನೀರು ಬರುತ್ತಿತ್ತು. ಆ ಅಜ್ಜಿಯ ಸ್ವಸಹಾಯ ಸಂಘ ಒಂದು ಸಂಜೆ ಗುಡಿಯ ಕಟ್ಟೆಯ ಮೇಲೆ ಕೂತು, ಉಳಿತಾಯದ ಹಣದಿಂದ 18 ಸಾವಿರ ತೆಗೆದು, ಮನೆಗೆ ಇಷ್ಟು ಅಂತ ವಾಪಸ್ ತುಂಬಿಸಿಕೊಳ್ಳುವ ಲೆಕ್ಕ ಹಾಕಿ, ಮರುದಿನವೇ ಪೈಪು ತರಿಸಿತ್ತು. ಆ ಸಂಜೆಯ ನಡಾವಳಿ ಪುಸ್ತಕವನ್ನು ನಾನು ನೋಡಿದ್ದೇನೆ. ಅದರಲ್ಲಿ ಆರು ಸಹಿ, ಒಂಬತ್ತು ಹೆಬ್ಬೆಟ್ಟು ಇದ್ದವು.